ಯಾರ ಹಣ, ಯಾರ ಆಸ್ತಿ? ಮಹಾ ಬೆಸಿಲರ ‘ಹೊಸ ಪಟ್ಟಣ’ದ ಚರಿತ್ರೆ

ಕ್ರಿ.ಶ. 4ನೆಯ ಶತಮಾನದ ಕಪ್ಪದೋಕ್ಯ ಸೀಮೆಯಲ್ಲಿ ಕುಷ್ಠರೋಗ ತಗುಲಿದವನು ಬೆರಳುಗಳನ್ನು ಕಳೆದುಕೊಳ್ಳುವ ಮೊದಲೇ ಊರನ್ನು ಕಳೆದುಕೊಳ್ಳುತ್ತಿದ್ದನು. ಬಡವರ ಮೇಲಣ ಪ್ರೀತಿಯನ್ನು ಕುರಿತ ತಮ್ಮ 14ನೆಯ ಪ್ರವಚನದಲ್ಲಿ ನಾಜಿಯಾನ್ಸಿನ ಸಂತ ಗ್ರೆಗೊರಿಯವರು ಆ ದೃಶ್ಯವನ್ನು ಚಿತ್ರಿಸಿದ್ದಾರೆ. ಮನೆಯಿಂದ, ಪೇಟೆಯಿಂದ, ಹಬ್ಬದ ಕೂಟಗಳಿಂದ, ಕಡೆಗೆ ಎಲ್ಲರಿಗೂ ಸೇರಿದ ನೀರಿನ ಸೆಲೆಯಿಂದಲೂ ಅಟ್ಟಲ್ಪಟ್ಟ ಜನ ಅಲ್ಲಿ ಕಾಣುತ್ತಾರೆ. ನಾಡಿನಲ್ಲಿ ವೈದ್ಯರಿರಲಿಲ್ಲವೆಂದು ಇದರ ಅರ್ಥವಲ್ಲ. ನಗರಗಳಲ್ಲಿ ಸಾರ್ವಜನಿಕ ವೇತನ ಪಡೆಯುವ ವೈದ್ಯರೇ ಇದ್ದರು. ಸುಮಾರು ಇದೇ ಕಾಲದಲ್ಲಿ ರೋಮ್ ನಗರದ ಅಂಥ ವೈದ್ಯರಿಗೆ ಚಕ್ರವರ್ತಿ ವಾಲೆಂಟಿನಿಯನ್ ಹೊರಡಿಸಿದ ಶಾಸನವೊಂದು, ಧನಿಕರ ಓಲೈಕೆ ಬಿಟ್ಟು ಬಡವರನ್ನು ಗೌರವದಿಂದ ಉಪಚರಿಸಬೇಕೆಂದು ಬುದ್ಧಿ ಹೇಳುತ್ತದೆ. ಹಾಗೆ ಹೇಳಬೇಕಾಗಿ ಬಂದಿತೆಂಬುದರಿಂದಲೇ ರೂಢಿ ಏನಿತ್ತೆಂಬುದನ್ನು ನಾವು ಊಹಿಸಬಹುದು.

ಕಪ್ಪದೋಕ್ಯದ ರಾಜಧಾನಿ ಸೆಜರೇಯದಲ್ಲಿ (ಪಾಲೆಸ್ತೀನದ ಸೆಜರೇಯವಲ್ಲ, ಇಂದಿನ ತುರ್ಕಿಯ ಕೈಸೇರಿ) ಮಹಾ ಬೆಸಿಲರು ಸ್ಥಾಪಿಸಿದ ಆಶ್ರಯಧಾಮವನ್ನು ಕ್ರೈಸ್ತ ಆರೋಗ್ಯಸೇವೆಯ ಮೂಲವೆಂದು ನಾವು ಪಾಠ ಹೇಳುತ್ತೇವೆ. ಆದರೆ ಗುರುಮಠದ ತರಗತಿಯಲ್ಲಿ ಅದರ ಕಟ್ಟಡಗಳ ವರ್ಣನೆಯಷ್ಟಕ್ಕೇ ನಿಂತುಬಿಡುವುದು ನಮ್ಮಲ್ಲಿ ಅಭ್ಯಾಸವಾಗಿದೆ. ಹಣ ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಬಂತು, ಲೆಕ್ಕ ಯಾರು ನೋಡಿದರು ಎಂಬ ಪ್ರಶ್ನೆಗಳನ್ನು ಕೇಳದೆ ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ. ನಮ್ಮ ಧರ್ಮಪ್ರಾಂತ್ಯಗಳ ಆಸ್ಪತ್ರೆಗಳೂ ಸಮಾಜಸೇವಾ ಕೇಂದ್ರಗಳೂ ಅನುದಾನದ ಅರ್ಜಿ ಬರೆಯುವುದರಲ್ಲಿ ವರ್ಷದ ಬಹುಭಾಗ ಕಳೆಯುತ್ತಿರುವ ಈ ದಿನಗಳಲ್ಲಿ ಆ ಪ್ರಶ್ನೆಗಳನ್ನು ಬಿಟ್ಟು ಹೋಗುವುದು ಸರಿಯಲ್ಲ.

ಚರಿತ್ರೆ ಆರಂಭವಾಗುವುದು ಬರಗಾಲದಿಂದ. 369ರ ಸುಮಾರಿಗೆ ಬಿದ್ದ ಕ್ಷಾಮ ಕಪ್ಪದೋಕ್ಯವನ್ನು ಮಿಕ್ಕ ನಾಡುಗಳಿಗಿಂತ ಹೆಚ್ಚು ಹಿಂಸಿಸಿತು. ಕರಾವಳಿಯ ಪಟ್ಟಣಗಳಿಗೆ ಹಡಗಿನಲ್ಲಿ ಧಾನ್ಯ ತರಿಸಬಹುದಿತ್ತು. ಒಳನಾಡಿಗೆ ಆ ದಾರಿಯಿರಲಿಲ್ಲ. ಕಣಜ ತುಂಬಿದ್ದವರು ಬೆಲೆ ಇನ್ನಷ್ಟು ಏರಲೆಂದು ಕಾದರು. ಆಗಿನ್ನೂ ಗುರುವಾಗಿದ್ದ ಬೆಸಿಲರು ಲೂಕನ ಶುಭಸಂದೇಶದ ಬುದ್ಧಿಹೀನ ಧನಿಕನ ಸಾಮತಿಯನ್ನು (12:16-21) ಹಿಡಿದು ಪ್ರಬೋಧಿಸಿದರು. ಅವರ ವಾದದ ತಿರುಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಬಳಸದೆ ಕೂಡಿಟ್ಟ ಧಾನ್ಯ ಆಗಲೇ ಹಸಿದವನ ಸ್ವತ್ತು, ಅದನ್ನು ಹಿಡಿದಿಟ್ಟವನು ಪರರ ವಸ್ತುವನ್ನು ಹಿಡಿದಿಟ್ಟವನು. ಈ ದೃಷ್ಟಿಯಲ್ಲಿ ದಾನವು ಔದಾರ್ಯವೆನ್ನುವುದಕ್ಕಿಂತ ಸಾಲದ ಮರುಪಾವತಿ. ಕಣಜಗಳು ತೆರೆದವು. ಬೇಳೆಕಾಳಿನ ಗಂಜಿಯ ಹಂಡೆಗಳನ್ನಿಟ್ಟು ಹಸಿದವರಿಗೆ ಬಡಿಸಿದ ಬೆಸಿಲರ ಚಿತ್ರ ಗ್ರೆಗೊರಿಯವರ ಸ್ಮರಣ ಪ್ರವಚನದಲ್ಲಿದೆ.

370ರಲ್ಲಿ ಧರ್ಮಾಧ್ಯಕ್ಷರಾದ ಮೇಲೆ ಅವರು ಇದನ್ನು ಶಾಶ್ವತ ಸಂಸ್ಥೆಯಾಗಿ ಕಟ್ಟಿದರು. ಸುಮಾರು 372ರಲ್ಲಿ ಪ್ರಾಂತ್ಯಾಧಿಪತಿ ಎಲಿಯಾಸನಿಗೆ ಬರೆದ ಪತ್ರದಲ್ಲಿ (94ನೆಯ ಪತ್ರ) ಅದರ ಅಂಗಗಳೆಲ್ಲ ಬರುತ್ತವೆ: ದೇವಾಲಯ, ಗುರುಗಳ ನಿವಾಸ, ಪ್ರಯಾಣಿಕರ ತಂಗುಮನೆ, ರೋಗಿಗಳಿಗೆ ಶುಶ್ರೂಷಕರು ಮತ್ತು ವೈದ್ಯರು, ಹೊರೆ ಸಾಗಿಸುವ ಪ್ರಾಣಿಗಳು, ದಾರಿಗೆ ಜೊತೆಯಾಗುವವರು, ಕಸುಬುಗಳ ಕಾರ್ಯಾಗಾರಗಳು. ಈ ಪತ್ರವನ್ನು ಬೆಸಿಲರು ಹೆಮ್ಮೆಯಿಂದ ಬರೆದದ್ದಲ್ಲ, ದೂರಿಗೆ ಉತ್ತರವಾಗಿ ಬರೆದದ್ದು. ಯಾರೋ ಅಧಿಪತಿಯ ಕಿವಿಯೂದಿದ್ದರು. ಈ ಕಟ್ಟಡಗಳಿಂದ ಸಾರ್ವಜನಿಕರಿಗೆ ಯಾವ ನಷ್ಟವಾಯಿತೆಂದು ಬೆಸಿಲರು ಅವನನ್ನು ನೇರವಾಗಿ ಕೇಳುತ್ತಾರೆ.

ಇನ್ನು ಹಣದ ಮೂಲ. ಚರಿತ್ರೆಕಾರ ಥಿಯೊಡೊರೆಟರ ಪ್ರಕಾರ, ಬೆಸಿಲರ ಆಸರೆಯಲ್ಲಿದ್ದ ಬಡವರಿಗಾಗಿ, ಅದರಲ್ಲೂ ದೇಹವೆಲ್ಲ ವ್ಯಾಧಿಗೊಂಡು ಹೆಚ್ಚಿನ ಆರೈಕೆ ಬೇಕಾದವರಿಗಾಗಿ, ಅಲ್ಲಿದ್ದ ಒಳ್ಳೆಯ ಭೂಮಿಯನ್ನು ಕೊಟ್ಟವನು ಚಕ್ರವರ್ತಿ ವಾಲೆನ್ಸ್. ಈತ ಆರಿಯ ಪಂಥದ ಪೋಷಕ. ಇವನ ಮಹಾಧಿಕಾರಿ ಮೊದೆಸ್ತನೇ ಆಸ್ತಿ ಮುಟ್ಟುಗೋಲು, ಗಡೀಪಾರು, ಚಿತ್ರಹಿಂಸೆ, ಮರಣಗಳ ಬೆದರಿಕೆಯೊಡ್ಡಿ ಬೆಸಿಲರನ್ನು ಬಗ್ಗಿಸಲು ನೋಡಿದ್ದನು. ಸತ್ಯವಿಶ್ವಾಸದ ವೈರಿಯಿಂದ ಅನುದಾನ ಪಡೆಯಬಹುದೇ ಎಂದು ನಮ್ಮ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ. ಬೆಸಿಲರು ಪಡೆದರು, ಆದರೆ ಪವಿತ್ರಾತ್ಮರ ದೈವತ್ವದ ಪರವಾಗಿ ಬರೆಯುವುದನ್ನು ನಿಲ್ಲಿಸಲಿಲ್ಲ. ಭೂಮಿ ಬಂದದ್ದರಿಂದ ಬೋಧನೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ದಾನವು ಋಣಸಂದಾಯವಾದರೆ ಕೊಟ್ಟವನಿಗೆ ಪ್ರತಿಫಲ ಕೇಳುವ ಹಕ್ಕೆಲ್ಲಿ? ಬರಗಾಲದ ಪ್ರಬೋಧನೆ ಇಲ್ಲಿ ಆಚರಣೆಗೆ ಬಂದಿತೆಂದೇ ನಮ್ಮ ತಿಳಿವಳಿಕೆ.

ಪಟ್ಟಣದ ಈ ಧಾಮದ ಕೀರ್ತಿಯ ನಡುವೆ ಹಳ್ಳಿಗಳ ಮಾತು ಮರೆತುಹೋಗುತ್ತದೆ. ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಅದೇ. ಬೆಸಿಲರ 142 ಮತ್ತು 143ನೆಯ ಪತ್ರಗಳು ಕೆಲವೇ ಸಾಲಿನವು. ಸರಕಾರಿ ಲೆಕ್ಕಾಧಿಕಾರಿಗಳಿಗೆ ಬರೆದವು. ಗ್ರಾಮಾಂತರ ಧರ್ಮಾಧ್ಯಕ್ಷರ ಉಸ್ತುವಾರಿಯಲ್ಲಿ ಬಡವರನ್ನು ಪೋಷಿಸುವ ಮನೆಗಳಿದ್ದವು. ಅವುಗಳಿಗೆ ತೆರಿಗೆ ವಿನಾಯಿತಿ ಕೊಡಬೇಕೆಂಬುದು ಬೇಡಿಕೆ. ಎರಡನೆಯ ಪತ್ರದಲ್ಲಿ ಅಧಿಕಾರಿಯೇ ಬಂದು ಮನೆಯನ್ನು ಕಣ್ಣಾರೆ ನೋಡಲಿ ಎಂಬ ಆಹ್ವಾನವೂ ಇದೆ. ಅಲ್ಲಿರುವ ಅಲ್ಪಸ್ವಲ್ಪ ಆಸ್ತಿ ಬಡವರದೇ ಎಂಬ ಧಾಟಿಯಲ್ಲಿ ಅವರು ಬರೆಯುತ್ತಾರೆ. ಧರ್ಮಾಧ್ಯಕ್ಷರದೆಂದಾಗಲೀ ಧರ್ಮಸಭೆಯದೆಂದಾಗಲೀ ಅಲ್ಲ. ಒಡೆಯರು ಬಡವರಾದುದರಿಂದಲೇ ವಿನಾಯಿತಿ. ಅದೇ ಕಾರಣದಿಂದ ಪರಿಶೀಲನೆಗೂ ಬಾಗಿಲು ತೆರೆದಿದೆ. ಪರಿಶೀಲನೆಯೆಂದರೆ ಧರ್ಮಸಭೆಗೆ ಅವಮಾನವೆಂದು ಮುನಿಯುವ ನಾವು ಈ ಕಿರುಪತ್ರವನ್ನು ಒಮ್ಮೆ ಓದುವುದೊಳ್ಳೆಯದು.

ಎಲ್ಲವೂ ನಿರ್ಮಲವಾಗಿತ್ತೆಂದು ಚಿತ್ರಿಸುವುದೂ ತಪ್ಪು. ಬೆಸಿಲರಿಗೆ ಮೊದಲೇ ಸೆಬಾಸ್ತೆಯ ಧರ್ಮಾಧ್ಯಕ್ಷ ಯುಸ್ತಾಥಿಯುಸರು ಇಂಥದೇ ಆಶ್ರಯಧಾಮ ಸ್ಥಾಪಿಸಿ, ಏರಿಯುಸ್ ಎಂಬ ಗುರುವನ್ನು ಅದಕ್ಕೆ ನೇಮಿಸಿದ್ದರು. ಯುಸ್ತಾಥಿಯುಸರು ವೈರಾಗ್ಯ ಬಿಟ್ಟು ಹಣ ಕೂಡಿಹಾಕುತ್ತಿದ್ದಾರೆಂದು ಆರೋಪಿಸಿ ಏರಿಯುಸ್ ಹೊರನಡೆದನೆಂದು ಸಂತ ಎಪಿಫಾನಿಯುಸರು ದಾಖಲಿಸಿದ್ದಾರೆ. ಅವನು ಮುಂದೆ ಪಾಷಂಡಿಯೆನಿಸಿಕೊಂಡನು. ಅಷ್ಟರಿಂದಲೇ ಅವನ ಆರೋಪ ಸುಳ್ಳೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಬೆಸಿಲರ 150ನೆಯ ಪತ್ರವೂ ನಮ್ಮನ್ನು ಕಾಡುತ್ತದೆ. ಹೆರಕ್ಲಿದಸನೆಂಬ ತರುಣನ ಹೆಸರಿನಲ್ಲಿ ಬರೆದ ಈ ಪತ್ರದಲ್ಲಿ ಅವನು ಪಟ್ಟಣದೊಳಕ್ಕೆ ಹೋಗಲೊಲ್ಲದೆ ಹೊರಗಿನ ಬಡವರ ಧಾಮದಲ್ಲಿಯೇ ತಂಗುತ್ತಾನೆ. ಎಂದಿನಂತೆ ಅಲ್ಲಿಗೆ ಬಂದ ಬೆಸಿಲರಿಂದ ಉಪದೇಶ ಪಡೆಯುತ್ತಾನೆ. ನಿಜವಾದ ಕೊರತೆಯನ್ನೂ ದುರಾಸೆಯನ್ನೂ ಬೇರ್ಪಡಿಸಲು ಅನುಭವ ಬೇಕು, ಆದ್ದರಿಂದ ಹಂಚುವ ಕೆಲಸವನ್ನು ಅದಕ್ಕೆ ನೇಮಕವಾದವರಿಗೆ ಒಪ್ಪಿಸಬೇಕು ಎಂಬುದು ಉಪದೇಶದ ಒಂದಂಶ. ವಿವೇಕದ ಮಾತೇ ಸರಿ. ಆದರೆ ಅಲೆಮಾರಿ ಭಿಕ್ಷುಕನ ಬಗ್ಗೆ ಅಲ್ಲಿ ಬರುವ ಹೋಲಿಕೆ ಕಟುವಾದದ್ದು. ಕುಷ್ಠರೋಗಿಯನ್ನು ಅಪ್ಪಿ ಮುದ್ದಿಟ್ಟವರ ಬಾಯಿಂದ ಬರಬಾರದಿತ್ತೆಂದು ನಮಗನಿಸುತ್ತದೆ. ಫಲಾನುಭವಿಗಳ ಪಟ್ಟಿ ಮಾಡುವ ಪ್ರತಿಯೊಬ್ಬನೂ ಈ ಅಪಾಯದ ಅಂಚಿನಲ್ಲೇ ನಡೆಯುತ್ತಾನೆ.

ಸ್ಮರಣ ಪ್ರವಚನದಲ್ಲಿ ಗ್ರೆಗೊರಿಯವರು ಈ ಧಾಮವನ್ನು ಹೊಸ ಪಟ್ಟಣವೆಂದು ಕರೆದು, ಬಾಬಿಲೋನಿನ ಗೋಡೆ, ಈಜಿಪ್ತಿನ ಪಿರಮಿಡ್ಡುಗಳಿಗಿಂತ ಅದನ್ನು ಮೇಲಾಗಿ ಎಣಿಸಿದರು. ಬೆಸಿಲರು ತೀರಿಕೊಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬರೆದ ಸೊಜೊಮೆನರ ಕಾಲದಲ್ಲೂ ಅದು ನಡೆಯುತ್ತಿತ್ತು. ಭೂಮಿ ಕೊಟ್ಟ ಚಕ್ರವರ್ತಿಯ ಹೆಸರು ಅದಕ್ಕೆ ಅಂಟಲಿಲ್ಲ. ಜನ ಅದನ್ನು ‘ಬೆಸಿಲಿಯಾಸ್’ ಎಂದೇ ಕರೆದರು. ಅದರ ಮೇಲ್ವಿಚಾರಕರಾಗಿದ್ದವರಲ್ಲಿ ಒಬ್ಬರ ಹೆಸರನ್ನು ಸೊಜೊಮೆನರು ಉಳಿಸಿಕೊಟ್ಟಿದ್ದಾರೆ: ಪ್ರಾಪಿದಿಯುಸ್, ಮುಪ್ಪಿನಲ್ಲೂ ಹಲವು ಹಳ್ಳಿಗಳ ಧರ್ಮಾಧ್ಯಕ್ಷತೆಯ ಹೊಣೆ ಹೊತ್ತಿದ್ದ ಒಬ್ಬ ತಪಸ್ವಿ.