ಇವರು ನಿಮಗೆ ಏನಾಗಬೇಕು?

2016ನೇ ಇಸವಿ. ಅಮೆರಿಕದ ಮಿಸೌರಿ ರಾಜ್ಯ, ಸೇಂಟ್ ಲೂಯಿಸ್ ಊರಿನ ಹೊರವಲಯ. ವಯಸ್ಸಾದವರಿಗೆಂದೇ ಕಟ್ಟಿದ ಒಂದು ವಸತಿ. ಇಬ್ಬರು ಹೆಂಗಸರು ಹಲವು ಸಲ ಹೋಗಿ ಅದನ್ನು ನೋಡಿಕೊಂಡು ಬಂದಿದ್ದರು. ಮನಸ್ಸಿಗೆ ಒಪ್ಪಿತ್ತು. 2,000 ಡಾಲರ್ ಮುಂಗಡವನ್ನೂ ಕಟ್ಟಿದ್ದರು. ಸುಮಾರು 40 ವರ್ಷ ಒಂದೇ ಸೂರಿನಡಿ ಬಾಳಿದವರು. 2009ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾನೂನಿನ ಪ್ರಕಾರ ಮದುವೆಯಾದವರು. ಇನ್ನೇನು ಸೇರಬೇಕು ಅನ್ನುವಾಗ ಆಡಳಿತದವರು ಕೇಳಿದರು: ನೀವಿಬ್ಬರು ಒಬ್ಬರಿಗೊಬ್ಬರು ಏನಾಗಬೇಕು?

ದಂಪತಿ ಅಂದರು. ಬಾಗಿಲು ಮುಚ್ಚಿತು.

ಅಕ್ಕತಂಗಿಯರಾಗಿದ್ದರೆ ಒಂದೇ ಮನೆಯಲ್ಲಿ ಇರಬಹುದಿತ್ತು. ತಾಯಿಮಗಳಾಗಿದ್ದರೂ ಇರಬಹುದಿತ್ತು. ಆದರೆ ಬೈಬಲ್ಲು ಹೇಳುವಂತೆ ಒಂದು ಗಂಡು ಒಂದು ಹೆಣ್ಣು ಕೂಡಿದರೆ ಮಾತ್ರ ಮದುವೆ ಅನ್ನೋದು ಅಲ್ಲಿನ ನಿಯಮ. ಆ ಹೊತ್ತಿಗೆ ಅಮೆರಿಕದ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಇಂಥ ಮದುವೆಗಳಿಗೆ ಮಾನ್ಯತೆ ಕೊಟ್ಟು ಒಂದು ವರ್ಷ ಆಗಿತ್ತು. ಕೋರ್ಟು ಬಾಗಿಲು ತೆಗೆದರೂ ಮನೆಯವನು ಚಿಲಕ ತೆಗೆಯಬೇಕಲ್ಲ!

ಅಮೆರಿಕದ ಮುದುಕಿಯರ ಕತೆ ನಮಗ್ಯಾಕೆ ಅಂತ ಗೆಳೆಯರು ಕೇಳಬಹುದು. ಬಾಡಿಗೆ ಮನೆ ಕೇಳಲು ಹೋಗಿ, 'ನೀವು ಯಾವ ಜನ' ಅನ್ನಿಸಿಕೊಂಡು ಹಿಂದಕ್ಕೆ ಬಂದವರಿಗೆ ಈ ಬಾಗಿಲು ಹೊಸದೇನಲ್ಲ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಜಾತಿಯ ಗಾಯವೇ ಬೇರೆ. ಆದರೆ ಬಾಗಿಲು ಹಾಕುವ ಕೈಯ ಗುರುತು ನಮಗೆ ಸಿಕ್ಕುತ್ತದೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮೆಚ್ಚಿ, ಸಂಸಾರ ಹೂಡಿ, ಜೊತೆಯಲ್ಲೇ ಮುದುಕರಾದವರ ಚರಿತ್ರೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಅದನ್ನು ಆಸ್ಪತ್ರೆಯ ಕಾಗದಗಳಲ್ಲಿ, ತೆರಿಗೆ ನೋಟೀಸುಗಳಲ್ಲಿ, ಮೊಕದ್ದಮೆಯ ಕಡತಗಳಲ್ಲಿ ಹುಡುಕಬೇಕು.

ಈ ಮುದುಕರು ಹರೆಯದಲ್ಲಿದ್ದಾಗ ಅವರ ದೇಶ ಅವರನ್ನು ಹೇಗೆ ನೋಡಿಕೊಂಡಿತ್ತು? 1953ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆಜ್ಞೆಯ ಹೆಸರಿನಲ್ಲಿ ಇಂಥವರನ್ನು ಸರ್ಕಾರಿ ನೌಕರಿಯಿಂದ ಕಿತ್ತು ಹಾಕಿದರು. 1973ರ ಡಿಸೆಂಬರ್ ತನಕ ಮನೋವೈದ್ಯರ ಸಂಘದ ಪಟ್ಟಿಯಲ್ಲಿ ಅವರ ಪ್ರೀತಿ ಒಂದು ರೋಗ. 1961ರಲ್ಲಿ ಇಲಿನಾಯ್ ರಾಜ್ಯ ಮೊದಲಿಗೆ ತನ್ನ ಕಾನೂನು ತಿದ್ದುವವರೆಗೆ ಎಲ್ಲ ರಾಜ್ಯಗಳಲ್ಲೂ ಅದು ಅಪರಾಧ. ದೇಶಕ್ಕೆಲ್ಲ ಆ ಅಪರಾಧ ತೊಲಗಿದ್ದು 2003ರಲ್ಲಿ. ಸರ್ಕಾರಕ್ಕೆ ದ್ರೋಹಿ, ಡಾಕ್ಟರಿಗೆ ರೋಗಿ, ಪೊಲೀಸಿಗೆ ಕಳ್ಳ, ಪಾದ್ರಿಗೆ ಪಾಪಿ. ಒಬ್ಬ ಮನುಷ್ಯ ಎಷ್ಟು ಹೆಸರು ಹೊತ್ತು ನಡೆಯಬೇಕು?

ಹಾಗಿದ್ದೂ ಜನ ಬಾಳಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಿಯಾನ್ ಎಂಬಿಬ್ಬರು ಹೆಂಗಸರು 1953ರಲ್ಲಿ ಮನೆ ಹೂಡಿದರು. 1955ರಲ್ಲಿ ಇನ್ನೂ ಮೂರು ಜೋಡಿಗಳನ್ನು ಸೇರಿಸಿಕೊಂಡು 'ಡಾಟರ್ಸ್ ಆಫ್ ಬಿಲಿಟಿಸ್' ಎಂಬ ಸಂಘ ಕಟ್ಟಿದರು. ಮರುವರ್ಷ 'ದಿ ಲ್ಯಾಡರ್', ಅಂದರೆ 'ಏಣಿ' ಅನ್ನುವ ಪತ್ರಿಕೆ ತಂದರು. ನಮ್ಮ ಸೈಕ್ಲೋಸ್ಟೈಲ್ ಪತ್ರಿಕೆಗಳ ಹಾಗೆ ಕೈಯಲ್ಲೇ ಅಚ್ಚು ತೆಗೆದ ಹಾಳೆಗಳು. ಸಂಪಾದಕಿ ಲಿಯಾನ್ ಮೊದಲು ಭಯಕ್ಕೆ ಆನ್ ಫರ್ಗುಸನ್ ಅಂತ ಸುಳ್ಳು ಹೆಸರು ಹಾಕಿಕೊಂಡರು. ಓದುಗರಿಗೆ ಹೆದರಬೇಡಿ ಅನ್ನುತ್ತಾ ತಾನೇ ಹೆದರಿ ಅಡಗಿ ಕೂತರೆ ಹೇಗೆ? ಕೆಲವೇ ಸಂಚಿಕೆ ಕಳೆದ ಮೇಲೆ, ಆನ್ ಫರ್ಗುಸನ್ ಸತ್ತಳು ಅಂತ ಪತ್ರಿಕೆಯಲ್ಲೇ ಸಾರಿ, ತನ್ನ ನಿಜವಾದ ಹೆಸರು ಹಾಕಿದರು. ಸಣ್ಣ ಪತ್ರಿಕೆ ನಡೆಸುವವರಿಗೆ ಈ ಧೈರ್ಯದ ಬೆಲೆ ಗೊತ್ತು.

1969ರ ಜೂನ್‌ನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನಲ್ಲಿ ಪೊಲೀಸರ ದಾಳಿಗೆ ಜನ ತಿರುಗಿಬಿದ್ದರು. ಚಳವಳಿ ಬೀದಿಗೆ ಬಂತು. ಆದರೆ ಬೀದಿಯ ಮೆರವಣಿಗೆ ಹರೆಯದವರದು. ಕಾಲು ಸೋತವರು, ಮಕ್ಕಳಿಲ್ಲದವರು, ಹುಟ್ಟಿದ ಮನೆಯವರು ಹೊರಗೆ ಹಾಕಿದವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಎತ್ತಿಕೊಂಡು 1978ರಲ್ಲಿ ನ್ಯೂಯಾರ್ಕಿನಲ್ಲಿ 'ಸೇಜ್' ಎಂಬ ಸಂಸ್ಥೆ ಹುಟ್ಟಿತು. ಮೂರೇ ವರ್ಷಕ್ಕೆ, 1981ರಲ್ಲಿ, ಏಡ್ಸ್ ಬಂತು. 1996ರ ಹೊತ್ತಿಗೆ ಗಟ್ಟಿ ಔಷಧ ಸಿಗುವ ಮುಂಚೆ ಒಂದು ತಲೆಮಾರಿನ ಗಂಡಸರನ್ನು ಅದು ನುಂಗಿತು. ಇವತ್ತು ಮುದುಕರಾಗಿ ಕೂತಿರುವವರಲ್ಲಿ ಎಷ್ಟೋ ಜನ ತಮ್ಮ ಗೆಳೆಯರನ್ನೆಲ್ಲ ಮಣ್ಣು ಮಾಡಿ ಬಂದವರು.

ಇನ್ನು ಜೋಡಿಯಾಗಿ ಉಳಿದವರ ಕತೆ. ಹರೆಯದಲ್ಲಿ ಕಾನೂನಿನ ಕಣ್ಣು ತಪ್ಪಿಸಿ ಬಾಳಬಹುದು. ಮುಪ್ಪಿನಲ್ಲಿ ಆಗೋದಿಲ್ಲ. ಕಾಲು ಜಾರಿ ಬಿದ್ದ ದಿನ ಆಸ್ಪತ್ರೆ ಕೇಳುತ್ತದೆ: ಇವರು ನಿಮಗೆ ಏನಾಗಬೇಕು?

2008ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ ಹೀಗೇ ಆಯಿತು. ಇಬ್ಬರು ಗಂಡಸರು, 20 ವರ್ಷದ ಸಂಗಾತಿಗಳು. ಒಬ್ಬರ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡಬಹುದು ಅಂತ ಕಾಗದ ಪತ್ರ ಮಾಡಿಸಿಟ್ಟಿದ್ದರು. ಹಿರಿಯರು ಬಿದ್ದು ಆಸ್ಪತ್ರೆ ಸೇರಿದರು. ಮನೆಯೊಳಗೆ ಹೊಡೆದಾಟ ನಡೆದಿರಬೇಕು ಅಂತ ಅನುಮಾನ ಬಂತು ಅನ್ನೋದು ಕೌಂಟಿಯವರ ವಾದ. ಮೊಕದ್ದಮೆ ಹೇಳುವ ಪ್ರಕಾರ, ಅಧಿಕಾರಿಗಳು ಇಬ್ಬರನ್ನೂ ಬೇರೆ ಬೇರೆ ಆರೈಕೆ ಮನೆಗೆ ಹಾಕಿದರು, ಮನೆಯ ಸಾಮಾನನ್ನೆಲ್ಲ ಮಾರಿದರು. ಅದೇ ಆಗಸ್ಟಿನಲ್ಲಿ ಹಿರಿಯರು ತೀರಿಕೊಂಡರು. ಬದುಕಿ ಉಳಿದವರ ಕೈಗೆ ಸಿಕ್ಕಿದ್ದು ಒಂದು ಫೋಟೋ ಆಲ್ಬಮ್. ಸಾಯುವ ಮುಂಚಿನ ತಿಂಗಳುಗಳಲ್ಲಿ ಆ ಜೀವ ತನ್ನ ಸಂಗಾತಿಗೆಂದು ಜೋಡಿಸಿಟ್ಟದ್ದು. 2010ರಲ್ಲಿ ರಾಜಿಯಾಗಿ 6,00,000 ಡಾಲರಿಗೂ ಮೇಲೆ ಪರಿಹಾರ ಕೊಟ್ಟರು. ಹೋದ ದಿನಗಳನ್ನು ಯಾವ ಡಾಲರು ತಂದುಕೊಡುತ್ತದೆ?

ನ್ಯೂಯಾರ್ಕಿನ ಈಡಿತ್ ವಿಂಡ್ಸರ್ ಮತ್ತು ಥಿಯಾ ಸ್ಪೈಯರ್ 40 ವರ್ಷಕ್ಕೂ ಹೆಚ್ಚು ಜೊತೆಗಿದ್ದವರು. 1977ರಲ್ಲಿ ಸ್ಪೈಯರ್‌ಗೆ ನರಗಳ ಕಾಯಿಲೆ ಅಂತ ಗೊತ್ತಾಯಿತು. ಬರಬರುತ್ತಾ ಕೈಕಾಲು ಬಿದ್ದು ಹೋದವು. ವಿಂಡ್ಸರ್ ನೋಡಿಕೊಂಡರು. 2007ರಲ್ಲಿ ಕೆನಡಾಕ್ಕೆ ಹೋಗಿ ಮದುವೆಯಾದರು. 2009ರಲ್ಲಿ ಸ್ಪೈಯರ್ ತೀರಿಕೊಂಡಾಗ ಕೇಂದ್ರ ಸರ್ಕಾರ ಆಸ್ತಿಯ ಮೇಲೆ 3,63,053 ಡಾಲರ್ ತೆರಿಗೆ ಕೇಳಿತು. ಸತ್ತದ್ದು ಗಂಡನಾಗಿದ್ದರೆ ಆ ತೆರಿಗೆ ಒಂದು ಕಾಸೂ ಇರುತ್ತಿರಲಿಲ್ಲ. ವಿಂಡ್ಸರ್ ಸುಮ್ಮನೆ ಕೂರಲಿಲ್ಲ. 2013ರ ಜೂನ್ 26ರಂದು, ತನ್ನ 84ನೇ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಎರಡು ವರ್ಷದ ಮೇಲೆ ದೇಶಕ್ಕೆಲ್ಲ ಬಂದ ಮದುವೆಯ ಹಕ್ಕಿಗೆ ಈ ಮುದುಕಿಯ ಹಟವೇ ದಾರಿ ಮಾಡಿತು.

ಇಷ್ಟೆಲ್ಲ ಕಂಡವರು ತಮ್ಮಂಥವರಿಗೇ ಮನೆ ಕಟ್ಟಲು ಹೊರಟರು. ಇಲ್ಲಿ ಇನ್ನೊಂದು ಬಾಗಿಲು ಎದುರಾಯಿತು: ದುಡ್ಡಿನ ಬಾಗಿಲು. 2006ರಲ್ಲಿ ನ್ಯೂ ಮೆಕ್ಸಿಕೋದ ಸಾಂತಾ ಫೆಯಲ್ಲಿ ಎದ್ದ ವಸತಿ ಉಳ್ಳವರದು. ಅದೂ ಕೆಲವೇ ವರ್ಷಕ್ಕೆ ದಿವಾಳಿಯಾಯಿತು. ಬಡವರಿಗೆ? 2007ರಲ್ಲಿ ಹಾಲಿವುಡ್ಡಿನಲ್ಲಿ ಕಡಿಮೆ ಆದಾಯದವರಿಗಾಗಿ 104 ಮನೆಗಳ 'ಟ್ರಯಾಂಗಲ್ ಸ್ಕ್ವೇರ್' ಬಂತು. 2014ರಲ್ಲಿ ಫಿಲಡೆಲ್ಫಿಯಾದಲ್ಲಿ 56 ಮನೆ. 2019ರಲ್ಲಿ ಬ್ರೂಕ್ಲಿನ್‌ನಲ್ಲಿ 145 ಮನೆಗಳ 'ಸ್ಟೋನ್‌ವಾಲ್ ಹೌಸ್'. ಅಷ್ಟು ದೊಡ್ಡ ದೇಶಕ್ಕೆ ಇದು ಸಮುದ್ರಕ್ಕೆ ಸುರಿದ ಒಂದು ಬಿಂದಿಗೆ ನೀರು.

2014ರಲ್ಲೇ ಷಿಕಾಗೋದಲ್ಲಿ ಕಟ್ಟಿದ 79 ಮನೆಗಳ ವಿಷಯ ಹೇಳಲೇಬೇಕು. ಅದರ ಒಂದು ಭಾಗ ಹಳೆಯ ಟೌನ್ ಹಾಲ್ ಪೊಲೀಸ್ ಠಾಣೆ. ಬಾರುಗಳಿಗೆ ನುಗ್ಗಿ ಇವರನ್ನು ಎಳೆದೊಯ್ಯುತ್ತಿದ್ದ ಊರಿನ ಪೊಲೀಸರ ಠಾಣೆಯೇ ಇವರ ವಸತಿಗೆ ಸೇರಿಕೊಂಡಿತು. ಇವು ಯಾವುವೂ ಬೇರೆಯವರಿಗೆ ಬಾಗಿಲು ಹಾಕಿದ ಕೇರಿಗಳಲ್ಲ. ವಯಸ್ಸು, ಆದಾಯ ಹೊಂದಿದರೆ ಯಾರು ಬೇಕಾದರೂ ಬರಬಹುದು. ಬಂದವರು ತಮ್ಮ ಸಂಗಾತಿಯ ಫೋಟೋವನ್ನು ಅಡಗಿಸಿ ಇಡಬೇಕಾಗಿಲ್ಲ, ಅಷ್ಟೇ.

ಆ ಅಷ್ಟಕ್ಕೆ ಇಷ್ಟು ಬೆಲೆ ಯಾಕೆ? ಇಲಿನಾಯ್ ರಾಜ್ಯದ್ದೇ ಇನ್ನೊಂದು ಮಾಮೂಲಿ ವಸತಿಯಲ್ಲಿ ಒಬ್ಬ ಹೆಂಗಸು ತನ್ನ ತೀರಿಕೊಂಡ ಸಂಗಾತಿಯ ಬಗ್ಗೆ ಬಾಯಿ ಬಿಟ್ಟು ಹೇಳಿದ್ದೇ ತಪ್ಪಾಯಿತು. ಅಲ್ಲಿದ್ದವರು ಬೈದರು, ಉಗಿದರು, ಹೊಡೆದರು. ದೂರು ಕೊಟ್ಟರೆ ಆಡಳಿತದವರು ಆಕೆಯ ಮೇಲೇ ತಿರುಗಿಬಿದ್ದರು ಅಂತ ಆಕೆ ಮೊಕದ್ದಮೆ ಹೂಡಿದರು. ಗೊತ್ತಿದ್ದೂ ಸುಮ್ಮನಿದ್ದ ಮಾಲೀಕ ಇಂಥದ್ದಕ್ಕೆ ಹೊಣೆಗಾರನಾಗುತ್ತಾನೆ ಅಂತ 2018ರಲ್ಲಿ ಮೇಲಿನ ಕೋರ್ಟು ಹೇಳಿತು. ಹರೆಯದಲ್ಲಿ ಬೀದಿಗಿಳಿದು ಹೆಸರು ಹೇಳಿಕೊಂಡವರೇ ಇಂಥ ಕಡೆ ಸೇರುವಾಗ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಸ್ನಾನ ಮಾಡಿಸುವ ಕೈ, ಮಾತ್ರೆ ಕೊಡುವ ಕೈ ಹೇಸಿಕೊಂಡರೆ ಹಾಸಿಗೆ ಹಿಡಿದವರು ಯಾರ ಹತ್ತಿರ ಜಗಳವಾಡಬೇಕು?

'ಏಣಿ'ಯ ಆ ಇಬ್ಬರು 2004ರ ಫೆಬ್ರವರಿಯಲ್ಲಿ ಮದುವೆಯಾದರು. ಆಗಸ್ಟಿನಲ್ಲಿ ರಾಜ್ಯದ ಕೋರ್ಟು ಆ ಮದುವೆ ನಡೆದೇ ಇಲ್ಲ ಅಂದಿತು. 2008ರ ಜೂನ್ 16ರಂದು ಮತ್ತೆ ಮದುವೆಯಾದರು. ಹತ್ತು ವಾರಕ್ಕೆ ಡೆಲ್ ಮಾರ್ಟಿನ್ ತೀರಿಕೊಂಡರು, 87 ವರ್ಷಕ್ಕೆ. 55 ವರ್ಷದ ಸಂಸಾರದಲ್ಲಿ ಕಾನೂನು ಕೊನೆಗೂ ಒಪ್ಪಿ ಉಳಿಸಿದ್ದು ಹತ್ತು ವಾರ. ಲಿಯಾನ್ 2020ರ ತನಕ ಬದುಕಿದ್ದರು.

ಮಿಸೌರಿಯ ಇಬ್ಬರು ಹೆಂಗಸರೂ ಕೋರ್ಟಿಗೆ ಹೋದರು. 2019ರಲ್ಲಿ ಕೆಳಗಿನ ಕೋರ್ಟು ಮೊಕದ್ದಮೆಯನ್ನೇ ತಳ್ಳಿಹಾಕಿತು. 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಬೇರೊಂದು ಪ್ರಕರಣದಲ್ಲಿ, ಇಂಥವರನ್ನು ಕೆಲಸದಿಂದ ತೆಗೆಯೋದು ಲಿಂಗಭೇದವೇ ಅಂತ ತೀರ್ಪು ಕೊಟ್ಟಿತು. ಆಮೇಲೆ ಇವರ ಮೊಕದ್ದಮೆಗೂ ಜೀವ ಬಂತು. ಅದೇ ವರ್ಷದ ಕೊನೆಯಲ್ಲಿ ರಾಜಿಯಾಯಿತು. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಎಪ್ಪತ್ತರ ಆಸುಪಾಸಿನವರಿಗೆ ನಾಲ್ಕು ವರ್ಷ ಅಂದರೆ ಎಷ್ಟು ಅಂತ ನಮ್ಮ ನಮ್ಮ ಮನೆಯ ಅಜ್ಜಿಯರನ್ನು ಕೇಳಿ ನೋಡೋಣ.

ಇವರು ನಿಮಗೆ ಏನಾಗಬೇಕು ಅಂತ ಕೇಳುವವರಿಗೆ ಅವರ ಉತ್ತರ ಸಿದ್ಧವಾಗಿಯೇ ಇತ್ತು. ಮಾತ್ರೆ ಎಣಿಸಿ ಕೊಟ್ಟವರು, ರಾತ್ರಿ ಎದ್ದು ನೀರು ಕುಡಿಸಿದವರು, 40 ವರ್ಷ ಒಂದೇ ಒಲೆಯ ಅನ್ನ ಉಂಡವರು. ಇದಕ್ಕೊಂದು ಹೆಸರು ಬೇಕಾಗಿದ್ದದ್ದು ಅವರಿಗಲ್ಲ, ಬಾಗಿಲು ಕಾಯುವವರಿಗೆ.