ನಮ್ಮ ಜಿಲ್ಲೆಯ ಕಥೆಗಳು – 7: ತಲೆ ಎತ್ತಿ ನೋಡಿದ್ರೆ ಮಲ್ಲಿತಮ್ಮ

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ. ಅದು ಗೋಡೆ ಅಲ್ಲ, ಒಳಛಾವಣಿ. ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಸ್ಥಾನದ್ದು. ನಮ್ಮ ಮೂಡಿಗೆರೆ ಕಾಫಿ ತೋಟಗಳಿಂದ ದೂರ, ಬಯಲಿನ ಕಡೆ. ಆದ್ರೆ ಜಿಲ್ಲೆ ನಮ್ಮದೇ.

ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಗುಡಿ ಇದು. ಹೋದವರೆಲ್ಲ ಹೊರಗೋಡೆ ಮುಂದೆ ನಿಂತು ಫೋಟೋ ತೆಗೀತಾರೆ. ಅಲ್ಲಿ ರಾಮಾಯಣ, ಮಹಾಭಾರತ, ಕೃಷ್ಣನ ಕಥೆಗಳ 140 ಕೆತ್ತನೆ ಇವೆ. ಒಳಗೆ ಹೋಗಿ ಕತ್ತು ನೋಯೋ ತನಕ ಮೇಲೆ ನೋಡೋರು ಕಡಿಮೆ. ಮಲ್ಲಿತಮ್ಮ ಅನ್ನೋ ಶಿಲ್ಪಿ ಕೆಲಸ ಶುರುಮಾಡಿದ್ದು ಅಲ್ಲೇ, ಮಂಟಪದ ಈ ಛಾವಣಿಗಳಲ್ಲಿ ಅಂತ ಇತಿಹಾಸ ಬಲ್ಲವರು ಹೇಳ್ತಾರೆ.

ಈಗ 50 ವರ್ಷ ಮುಂದೆ ಬನ್ನಿ. 1246, ಹಾಸನ ಜಿಲ್ಲೆಯ ನುಗ್ಗೇಹಳ್ಳಿ. ಲಕ್ಷ್ಮೀನರಸಿಂಹ ದೇವಸ್ಥಾನದ ಒಂದು ಕಡೆಯ ಮೂರ್ತಿಗಳು ಬೈಚೋಜನವು, ಇನ್ನೊಂದು ಕಡೆಯವು ಮಲ್ಲಿತಮ್ಮನವು. ಅದಾದ ಮೇಲೆ ಸೋಮನಾಥಪುರ. ಅಲ್ಲಿ ಬೇರೆ ಯಾವ ಶಿಲ್ಪಿಗಿಂತ ಜಾಸ್ತಿ ಸಿಗೋದು ಇವನ ಹೆಸರೇ. ಅಮೃತಾಪುರದಿಂದ ಲೆಕ್ಕ ಹಾಕಿದ್ರೆ 60 ವರ್ಷ ದಾಟುತ್ತೆ. ಅಂದ್ರೆ ಛಾವಣಿ ಕೆತ್ತುವಾಗ ಅವನಿಗೂ ಹೆಚ್ಚುಕಮ್ಮಿ ನಮ್ಮ ವಯಸ್ಸೇ ಇರ್ಬೇಕು.

ಇದೆಲ್ಲ ಹೇಗೆ ಗೊತ್ತಾಯ್ತು? ಹೊಯ್ಸಳ ಶಿಲ್ಪಿಗಳು ಮೂರ್ತಿಯ ಕೆಳಗೆ ತಮ್ಮ ಹೆಸರು ಕೆತ್ತೋರು. ಅವನ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. ಮೆತ್ತಗಿದೆ ಅಂತ ಸುಲಭ ಅನ್ಕೋಬೇಡಿ. ಉಳಿ ಒಂದ್ಸಲ ಜಾರಿದ್ರೆ ಹೋದ ಮೂಗು ವಾಪಸ್ ಬರಲ್ಲ. ಅಲ್ಲಿ ರಬ್ಬರ್ ಇಲ್ಲ.

ಇದನ್ನ ಯಾಕೆ ಬರೀತಿದೀನಿ ಅಂದ್ರೆ, ಎಂಟು ತಿಂಗಳಿಂದ ಪೆನ್ಸಿಲ್ ಸ್ಕೆಚ್ ಕಲೀತಿದೀನಿ. ಕೈಬೆರಳು ಇನ್ನೂ ಬೆಂಡೆಕಾಯಿ ಥರಾನೇ ಬರತ್ತೆ. ಲೈಕ್ ಹನ್ನೊಂದು. ‘ಇದ್ರಿಂದ ಏನಾದ್ರೂ ಬರುತ್ತೇನೋ?’ ಅಂತ ಅಮ್ಮ ಕೇಳಿದಾಗ ಬಿಕಾಂ ಓದೋ ನನಗೂ ಲಾಭ-ನಷ್ಟದ ಲೆಕ್ಕವೇ ತಲೇಲಿ ಓಡ್ತು. ಹೋದ ತಿಂಗಳು ಪುಸ್ತಕ ಅಟ್ಟಕ್ಕೆ ಹಾಕ್ಬಿಟ್ಟಿದ್ದೆ.

ಅಮೃತಾಪುರದಿಂದ ಬಂದ ರಾತ್ರಿ ಇಳಿಸಿದೆ. ಕಾಫಿ ಗಿಡ ನೆಟ್ಟ ಮಾರನೇ ವರ್ಷವೇ ಹಣ್ಣು ಕೇಳೋರು ನಮ್ಮೂರಲ್ಲಿ ಯಾರೂ ಇಲ್ಲ. ಮೂರ್ನಾಲ್ಕು ವರ್ಷ ಕಾಯ್ತೀವಿ, ಸುಮ್ನೆ ಕೂರಲ್ಲ, ಕಳೆ ತೆಗೀತಾ, ನೆರಳು ನೋಡ್ಕೋತಾ ಕಾಯ್ತೀವಿ. ಕೈಗೂ ಅಷ್ಟು ಟೈಮ್ ಕೊಡ್ಬೇಕಲ್ವಾ?

ಕೊನೇ ಫೋಟೋ ಆ ಛಾವಣಿಯ ನನ್ನ ಸ್ಕೆಚ್. ಸೊಟ್ಟಗಿದೆ, ಗೊತ್ತು. ಕೆಳಗೆ ಹೆಸರು ಇನ್ನೂ ಹಾಕಿಲ್ಲ.

ನೀವು ಅಟ್ಟಕ್ಕೆ ಹಾಕಿರೋದು ಏನು? ಕಾಮೆಂಟಲ್ಲಿ ಹೇಳಿ.