ಮೂಗಿನೊಳಗಿನ ವಸಾಹತು



ಕಳೆದ ವರ್ಷ ನನ್ನ ಬಲಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ಹತ್ತಿ ಸುತ್ತಿದ ಕಡ್ಡಿಯೊಂದನ್ನು ಮೂಗಿನೊಳಗೆ ಆಡಿಸಿ ಪರೀಕ್ಷೆಗೆ ಕಳುಹಿಸಿದರು. ವರದಿಯಲ್ಲಿ 'ಎಂಆರ್‌ಎಸ್‌ಎ' ಎಂದಿತ್ತು. "ಸರ್, ಮೊದಲು ಡಿಕಾಲನೈಸೇಶನ್ ಮಾಡೋಣ" ಎಂದರು. ಮೂವತ್ತು ವರ್ಷ ಸಮಾಜ ವಿಜ್ಞಾನ ಬೋಧಿಸಿದ ನನಗೆ ಆ ಶಬ್ದ ಕೇಳಿದೊಡನೆ 1947 ನೆನಪಾಯಿತು! ಇಲ್ಲಿ ವಸಾಹತು ಹೂಡಿದ್ದು ಬ್ರಿಟಿಷರಲ್ಲ, ಸೂಕ್ಷ್ಮಾಣುಗಳು. "ನೋವು ಮೊಣಕಾಲಿಗೆ, ಔಷಧ ಮೂಗಿಗೆ" ಎಂದು ಮನೆಯವರು ನಕ್ಕರು.

ನನಗೆ ನಗು ಬರಲಿಲ್ಲ. 2004ರಲ್ಲಿ ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಗೊಳಗಾದ ನನ್ನ ಅಣ್ಣನ ಗಾಯ ಕೀವಾಗಿ, ಒಂದರ ನಂತರ ಒಂದು ಔಷಧ ಬದಲಿಸಿದರೂ ಮಾಯಲಿಲ್ಲ. ನಲವತ್ತು ದಿನಗಳಲ್ಲಿ ಅವನು ತೀರಿಕೊಂಡನು. ಅವನ ಕಾಗದಗಳಲ್ಲಿಯೂ ಇದೇ ಹೆಸರಿತ್ತು. ಅದರ ಅರ್ಥವನ್ನು ನಾನು ಆಗ ಕೇಳಿರಲಿಲ್ಲ.

ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ಸುಮಾರಿಗೆ ಕೀವಿನಲ್ಲಿ ಈ ಸೂಕ್ಷ್ಮಾಣುವನ್ನು ಕಂಡು, ಮುಂದೆ 'ಸ್ಟೆಫಿಲೋಕಾಕಸ್' ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ 'ಸ್ಟೆಫಿಲೆ' ಎಂದರೆ ದ್ರಾಕ್ಷಿಗೊಂಚಲು. ಅಥಣಿ ಸೀಮೆಯ ದ್ರಾಕ್ಷಿ ತೋಟ ಕಂಡವರಿಗೆ ಇದರ ರೂಪ ಬಿಡಿಸಿ ಹೇಳಬೇಕಿಲ್ಲ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನ ಸುತ್ತ ಸತ್ತಿರುವುದನ್ನು ಕಂಡದ್ದೂ ಇದೇ ಸೂಕ್ಷ್ಮಾಣುವನ್ನು. ಅಲ್ಲಿಂದ ಪೆನಿಸಿಲಿನ್ ಬಂದಿತು.

ನಮ್ಮ ಪಾಲಬಾವಿಯ ಹಿರಿಯರಿಗೆ ದೊಡ್ಡ ದವಾಖಾನೆಯೆಂದರೆ ಮಿರಜ. ಅಲ್ಲಿ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದ ಕಾಲಕ್ಕೆ ಪೆನಿಸಿಲಿನ್ ಇರಲೇ ಇಲ್ಲ. ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ 1955ರಲ್ಲಿ ಅದರ ಉತ್ಪಾದನೆ ಆರಂಭಿಸಿತು. ನಮ್ಮ ತಂದೆಯವರು ಅಂಥ ಮಾತ್ರೆಗಳಲ್ಲಿ ಎರಡನ್ನು ನುಂಗಿ, ಕುರು ಇಳಿದೊಡನೆ ಉಳಿದವನ್ನು ಗೋಡೆಯ ಮಾಡದಲ್ಲಿ ಮುಂದಿನ ಕುರುವಿಗೆಂದು ಇಡುತ್ತಿದ್ದರು. ಕಡಿಮೆ ಪ್ರಮಾಣದ ಔಷಧದಿಂದ ಸೂಕ್ಷ್ಮಾಣುಗಳು ಪಳಗುತ್ತವೆಂದು ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದನು. ಅದು ನಮ್ಮೂರಿಗೆ ತಲುಪುವುದೆಂತು?

ಪೆನಿಸಿಲಿನ್‌ಗೆ ಪಳಗಿದವುಗಳನ್ನು ಕೊಲ್ಲಲು 1959ರಲ್ಲಿ ಮೆಥಿಸಿಲಿನ್ ಬಂದಿತು. 1961ರಲ್ಲಿಯೇ ಅದಕ್ಕೂ ಬಗ್ಗದ ತಳಿ ಇಂಗ್ಲೆಂಡಿನಲ್ಲಿ ವರದಿಯಾಯಿತು, ಅದೇ ಎಂಆರ್‌ಎಸ್‌ಎ. ಇದನ್ನು ಪರದೇಶದ ಪಿಡುಗೆಂದು ತಿಳಿಯಬೇಡಿರಿ. 'ಬಂಗಾಳ ಕೊಲ್ಲಿಯ ತಳಿ' ಎಂದು ಕರೆಯುವ ಒಂದು ಎಂಆರ್‌ಎಸ್‌ಎ 1960ರ ದಶಕದಲ್ಲಿ ಭಾರತ ಉಪಖಂಡದಲ್ಲಿಯೇ ಹುಟ್ಟಿ, ಮುಂದೆ ಹೊರದೇಶಗಳಿಗೆ ಹರಡಿತೆಂದು 2019ರ ವಂಶವಾಹಿ ಅಧ್ಯಯನವೊಂದು ತಿಳಿಸಿತು.

ಆರೋಗ್ಯವಂತರಲ್ಲಿ ಸುಮಾರು ಮೂವರಲ್ಲೊಬ್ಬರ ಮೂಗಿನಲ್ಲಿ ಸಾಮಾನ್ಯ ಸ್ಟೆಫಿಲೋಕಾಕಸ್ ಸುಮ್ಮನೆ ವಾಸಿಸುತ್ತದೆ. ಕೆಲವರಲ್ಲಿ ನನ್ನಂತೆ ಪಳಗಿದ ತಳಿ ಇರುತ್ತದೆ. ಚರ್ಮ ಕೊಯ್ದಾಗ ಅದೇ ಗಾಯಕ್ಕಿಳಿಯಬಹುದು. ಆದುದರಿಂದ ಮುಂಚಿತವಾಗಿಯೇ ಒಕ್ಕಲೆಬ್ಬಿಸುವುದು ಈ ಚಿಕಿತ್ಸೆಯ ತತ್ತ್ವ. ಐದು ದಿನ, ದಿನಕ್ಕೆರಡು ಸಲ ಮೂಗಿನ ಎರಡೂ ಹೊಳ್ಳೆಗಳಿಗೆ ಮ್ಯುಪಿರೋಸಿನ್ ಮುಲಾಮು. ಜೊತೆಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದ ಸ್ನಾನ. ಮ್ಯುಪಿರೋಸಿನ್ ಅನ್ನು ತಯಾರಿಸುವುದು ಇನ್ನೊಂದು ಸೂಕ್ಷ್ಮಾಣುವೇ! ಮುಳ್ಳಿನಿಂದ ಮುಳ್ಳು ತೆಗೆದಂತೆ.

ಇದರ ಫಲವನ್ನು ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. 43 ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಸುಮಾರು 74,000 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪರೀಕ್ಷೆಗೆ ಕಾಯದೆ ಎಲ್ಲ ರೋಗಿಗಳಿಗೂ ಹೀಗೆ ಮಾಡಿದಲ್ಲಿ ರಕ್ತದ ಸೋಂಕುಗಳು ಶೇ. 44ರಷ್ಟು ಇಳಿದವು. 2019ರಲ್ಲಿ ಪ್ರಕಟವಾದದ್ದು ನನಗೆ ಇನ್ನೂ ಹತ್ತಿರದ್ದು. ಎಂಆರ್‌ಎಸ್‌ಎ ಹೊತ್ತು ಮನೆಗೆ ಮರಳಿದ 2,121 ಜನರಲ್ಲಿ, ತಿಂಗಳಿಗೆ ಎರಡು ಸಲ ಐದೈದು ದಿನದಂತೆ ಆರು ತಿಂಗಳು ಇದನ್ನು ಪಾಲಿಸಬೇಕಾದವರಿಗೆ ಎಂಆರ್‌ಎಸ್‌ಎ ಸೋಂಕಿನ ಅಪಾಯ ಉಳಿದವರಿಗಿಂತ ಶೇ. 30ರಷ್ಟು ಕಡಿಮೆಯಾಯಿತು. ಅಣ್ಣನ ಕಾಲಕ್ಕೆ ಈ ಪ್ರಯೋಗಗಳಾಗಿರಲಿಲ್ಲ. ಮುಲಾಮು ಮಾತ್ರ ಇತ್ತು.

ನಾನು ಐದು ದಿನ ತಪ್ಪದೆ ಹಚ್ಚಿಕೊಂಡೆನು. ಟಾವೆಲು, ದಿಂಬಿನ ಚೀಲಗಳನ್ನು ಮನೆಯವರು ದಿನವೂ ಬಿಸಿನೀರಿನಲ್ಲಿ ಒಗೆದರು. ಗಾಯ ಹದಿನಾಲ್ಕನೆಯ ದಿನಕ್ಕೆ ಒಣಗಿತು. ಈಗ ಹನುಮಪ್ಪನ ಗುಡಿಯವರೆಗೆ ನಡೆದು ಬರುತ್ತೇನೆ.

ಮ್ಯುಪಿರೋಸಿನ್‌ಗೂ ಪಳಗಿದ ತಳಿಗಳು ಈಗಾಗಲೇ ಕಂಡುಬಂದಿವೆ. ಮೊನ್ನೆ ಮನೆಯವರು ಟ್ಯೂಬಿನಲ್ಲಿ ಉಳಿದ ಮುಲಾಮನ್ನು ಮೊಮ್ಮಗನ ಮೊಡವೆಗೆ ಹಚ್ಚಲೆಂದು ತೆಗೆದಿದ್ದರು. ನಮ್ಮ ತಂದೆಯವರ ಮಾಡ ಕಣ್ಣಿಗೆ ಕಟ್ಟಿತು. ಟ್ಯೂಬನ್ನು ಕೇಳಿ ಪಡೆದು ಎಸೆದುಬಿಟ್ಟೆನು. ಮನೆಯಲ್ಲಿ ಆ ದಿನ ಚಹಾ ಸ್ವಲ್ಪ ತಡವಾಗಿ ಬಂದಿತು.